ನಿಜವಾದ ಜೊಂಬಿ ಯಾವುದು?

ಆರ್.ಟಿ. ನಗರದಿಂದ ಯಲಹಂಕದವರೆಗೆ ನಮ್ಮ ಬಡಾವಣೆಗಳ ಹುಡುಗರು ಜೊಂಬಿಗಳನ್ನು ಚೆನ್ನಾಗಿ ಬಲ್ಲರು. ಆಟ, ಸಿನಿಮಾಗಳ ಮಾತು ಬಂದರೆ ವಾದಕ್ಕಿಳಿಯುತ್ತಾರೆ: ಜೊಂಬಿಯೆಂದರೆ ಸತ್ತು ಎದ್ದ ಹೆಣವೇ ಆಗಬೇಕೆ? 2002ರ '28 ಡೇಸ್ ಲೇಟರ್' ಚಿತ್ರದಲ್ಲಿ ಸೋಂಕು ತಗುಲಿ ಓಡಾಡುವವರು ಸತ್ತವರಲ್ಲ, ಅವರನ್ನು ಜೊಂಬಿ ಎನ್ನಬಹುದೆ? ಮಕ್ಕಳ ಮಾತೆಂದು ನಾವು ನಕ್ಕುಬಿಡಬಹುದು. ಆದರೆ ಈ ಪದದ ಚರಿತ್ರೆ ನಗುವಂಥದ್ದಲ್ಲ.

ಜೊಂಬಿಯ ತವರು ಹೈಟಿ. ಫ್ರೆಂಚರು ಆಫ್ರಿಕಾದಿಂದ ಗುಲಾಮರನ್ನು ತಂದು ಅಲ್ಲಿನ ಕಬ್ಬಿನ ಗದ್ದೆಗಳಲ್ಲಿ ದುಡಿಸಿದರು. ಸತ್ತ ಮೇಲಾದರೂ ಆತ್ಮ ತಾಯ್ನಾಡಿಗೆ ಮರಳುತ್ತದೆಂಬುದು ಗುಲಾಮರ ಆಸೆ. ಮಾಂತ್ರಿಕನೊಬ್ಬ ಹೆಣವನ್ನೆಬ್ಬಿಸಿ ಮತ್ತೆ ದುಡಿಮೆಗೆ ಹಚ್ಚಿದರೆ? ಆ ಭಯವೇ ಜೊಂಬಿ. ಅದು ಯಾರನ್ನೂ ಕಚ್ಚುತ್ತಿರಲಿಲ್ಲ, ತಿನ್ನುತ್ತಿರಲಿಲ್ಲ, ಸುಮ್ಮನೆ ದುಡಿಯುತ್ತಿತ್ತು. 1804ರಲ್ಲಿ ಗುಲಾಮರೇ ಬಂಡೆದ್ದು ದೇಶವನ್ನು ಬಿಡಿಸಿಕೊಂಡರು, ಭಯ ಮಾತ್ರ ಕಥೆಗಳಲ್ಲಿ ಉಳಿಯಿತು. 1932ರ 'ವೈಟ್ ಜೊಂಬಿ' ಚಿತ್ರದಲ್ಲೂ ಅವು ಸಕ್ಕರೆ ಗಾಣ ತಿರುಗಿಸುತ್ತವೆ.

ಹಾಗಾದರೆ ಮನುಷ್ಯರನ್ನು ತಿನ್ನುವ ಜೊಂಬಿ ಎಲ್ಲಿಂದ ಬಂತು? 1968ರಲ್ಲಿ ಜಾರ್ಜ್ ರೊಮೆರೊ ತೆಗೆದ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರದಿಂದ. ಸ್ವಾರಸ್ಯವೆಂದರೆ ಆ ಚಿತ್ರದಲ್ಲಿ ಜೊಂಬಿ ಎಂಬ ಮಾತೇ ಇಲ್ಲ. ಅಲ್ಲಿರುವ ಪದ 'ಗೂಲ್'. ಉರ್ದು ಓದಿದವರಿಗೆ ಇದು ಪರಿಚಿತ: ಮರುಭೂಮಿಯಲ್ಲಿ ವೇಷ ಬದಲಿಸಿ ದಾರಿಹೋಕರನ್ನು ತಪ್ಪಿಸುವ ಅರಬರ ಭೂತ, ಗೂಲ್-ಎ-ಬಯಾಬಾನಿ. 'ಸಾವಿರದೊಂದು ರಾತ್ರಿ'ಗಳ ಕಥೆಗಳ ಜೊತೆ ಅದು ಯುರೋಪಿಗೆ ಹೋಗಿ ಗೋರಿ ಅಗೆಯುವ ಹೆಣತಿನಿಯಾಯಿತು. ಗೂಲ್ ಎಂಬುದಿಲ್ಲ ಎಂದು ಪ್ರವಾದಿಯವರು(ಸ) ಹೇಳಿದ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿಯವರು ಇಲ್ಲವೆಂದ ಭೂತವನ್ನು ಸಿನಿಮಾ ಎಬ್ಬಿಸಿತು. ನಿಜಕ್ಕೂ ಇದ್ದ ಗುಲಾಮ ಅದರ ಹಿಂದೆ ಮರೆಯಾದ.

ಆ ಗುಲಾಮನನ್ನು ಹುಡುಕಲು ನಾವು ಹೈಟಿಗೆ ಹೋಗಬೇಕಿಲ್ಲ. ನಮ್ಮಲ್ಲಿ ಅವನ ಹೆಸರು ಜೀತದಾಳು. ಅಪ್ಪ ಸತ್ತರೂ ಅವನ ಸಾಲ ಸಾಯುತ್ತಿರಲಿಲ್ಲ. ಮಗ ಅದನ್ನು ಹೊತ್ತು ಅದೇ ಧಣಿಯ ಹೊಲಕ್ಕಿಳಿಯುತ್ತಿದ್ದ. ಜೀತ ಪದ್ಧತಿಯನ್ನು ನಿರ್ಮೂಲಗೊಳಿಸಿದ 1976ರ ಕಾಯ್ದೆ ಅಂಥ ಸಾಲಗಳನ್ನೂ ರದ್ದು ಮಾಡಿತು. ಆದರೂ 2000ದಲ್ಲಿ ಮಂಡ್ಯ ಜಿಲ್ಲೆಯ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಸರಪಳಿ ಬಿಗಿಸಿಕೊಂಡೇ ಕಲ್ಲು ಒಡೆಯುತ್ತಿದ್ದ ಕೂಲಿಗಳು ಪತ್ತೆಯಾದರು. ಹೈಟಿಯ ಮಾಂತ್ರಿಕನಿಗೆ ಮಂತ್ರ ಬೇಕಿತ್ತು. ಇಲ್ಲಿ ಸಾಲದ ಲೆಕ್ಕ ಮತ್ತು ಒಂದು ಬೀಗ ಸಾಕಾಯಿತು.

ಆದ್ದರಿಂದ ಹುಡುಗರ ವಾದಕ್ಕೆ ನಮ್ಮ ಉತ್ತರ ಇದು: ಹೆಣವೋ ಸೋಂಕೋ ಎಂಬುದು ಮುಖ್ಯವಲ್ಲ. ತನ್ನ ಇಚ್ಛೆ ಕಳೆದುಕೊಂಡು ಇನ್ನೊಬ್ಬನಿಗಾಗಿ ಕೊನೆಯಿಲ್ಲದೆ ದುಡಿಯುವವನೇ ಮೂಲ ಜೊಂಬಿ. ಅವನು ಹೆದರಿಸುವವನಲ್ಲ, ಹೆದರಿದವನು. ಹೆಬ್ಬಾಳದಾಚೆ ಏಳುತ್ತಿರುವ ಕಟ್ಟಡಗಳ ಜಲ್ಲಿ, ಇಟ್ಟಿಗೆಗಳನ್ನು ನೋಡುವಾಗ ಇವನ್ನು ಮಾಡಿದ ಕೈಗಳು ಯಾರ ಮುಂಗಡ ತೀರಿಸುತ್ತಿವೆ ಎಂದು ನಾವು ಕೇಳಬೇಕು. ಪರದೆಯ ಮೇಲಿನ ಜೊಂಬಿಗೆ ಗುಂಡು ಹೊಡೆಯುವುದು ಸುಲಭ. ನಿಜವಾದವನಿಗೆ ಬೇಕಾದದ್ದು ಬಿಡುಗಡೆ.