ಅಧ್ಯಕ್ಷ ಪದವಿಗೆ ಮುಂಚಿನ ವಾಷಿಂಗ್ಟನ್: 1772ರ ಭಾವಚಿತ್ರ

ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷನಾದುದು 1789ರಲ್ಲಿ; ಅದಕ್ಕೆ 17 ವರ್ಷ ಮೊದಲು, 1772ರ ಮೇ ತಿಂಗಳಲ್ಲಿ, ವರ್ಜೀನಿಯಾದ ಮೌಂಟ್ ವರ್ನನ್ ಎಂಬ ತನ್ನ ಜಮೀನಿನ ಮನೆಯಲ್ಲಿ ಆತ ಚಾರ್ಲ್ಸ್ ವಿಲ್ಸನ್ ಪೀಲ್‌ನಿಂದ ಬರೆಸಿಕೊಂಡ ತೈಲಚಿತ್ರವೇ ಆತನದೆಂದು ದೃಢಪಟ್ಟ ಭಾವಚಿತ್ರಗಳಲ್ಲಿ ಅತ್ಯಂತ ಹಳೆಯದು. ಮೇರಿಲ್ಯಾಂಡಿನ ಪೀಲ್ ಮೊದಲು ಕುದುರೆಯ ಜೀನು ಹೊಲಿಯುವ ಕಸುಬಿನಲ್ಲಿದ್ದು, ಅನಂತರ ಲಂಡನ್ನಿನಲ್ಲಿ ಬೆಂಜಮಿನ್ ವೆಸ್ಟ್‌ನ ಬಳಿ ಚಿತ್ರವಿದ್ಯೆ ಕಲಿತು 1769ರಲ್ಲಿ ಊರಿಗೆ ಮರಳಿದ್ದ. ತಾನು ಒತ್ತಾಯಕ್ಕೆ ಮಣಿದು ಚಿತ್ರಕ್ಕೆ ಕುಳಿತಿರುವುದಾಗಿಯೂ ನಡುನಡುವೆ ತೂಕಡಿಕೆ ಬರುತ್ತಿರುವುದಾಗಿಯೂ ವಾಷಿಂಗ್ಟನ್ ಆ ದಿನಗಳಲ್ಲಿಯೇ ಬರೆದ ಪತ್ರವೊಂದರಲ್ಲಿದೆ.

ಚಿತ್ರದಲ್ಲಿ ಎದ್ದು ಕಾಣುವುದು ಉಡುಪು. ಆಗ 40 ವರ್ಷದವನಾಗಿದ್ದ ವಾಷಿಂಗ್ಟನ್ ಗೋಧಿ ಬೆಳೆಯುವ ಜಮೀನ್ದಾರ, ಪ್ರಾಂತೀಯ ಶಾಸನಸಭೆಯ ಸದಸ್ಯ. ಸೈನ್ಯವನ್ನು ಬಿಟ್ಟು 13 ವರ್ಷಗಳಾಗಿದ್ದವು. ಆದರೂ ಅವನು ತೊಟ್ಟಿರುವುದು ವರ್ಜೀನಿಯಾ ರೆಜಿಮೆಂಟಿನ ಕರ್ನಲ್‌ನ ನೀಲಿ ಮತ್ತು ಕೆಂಪು ಬಣ್ಣದ ಸಮವಸ್ತ್ರವನ್ನು, ಕೊರಳಲ್ಲಿ ಗಾರ್ಜೆಟ್, ಅಂದರೆ ಅಧಿಕಾರಿಯು ಕರ್ತವ್ಯದಲ್ಲಿರುವುದನ್ನು ಸೂಚಿಸುವ ಅರ್ಧಚಂದ್ರಾಕಾರದ ಲೋಹದ ಬಿಲ್ಲೆ, ಬೆನ್ನಿಗೆ ಕೋವಿ, ಜೇಬಿನಿಂದ ಇಣುಕುವುದು ಸೈನ್ಯದ ನಡಿಗೆಯ ಆದೇಶಪತ್ರ. ಉತ್ತರ ಅಮೆರಿಕದ ಒಡೆತನಕ್ಕಾಗಿ ಫ್ರೆಂಚರೊಡನೆ ಬ್ರಿಟಿಷರು ನಡೆಸಿದ ಯುದ್ಧದಲ್ಲಿ ಆತ ಧರಿಸುತ್ತಿದ್ದ ಈ ಉಡುಪು ವಸಾಹತಿನ ತುಕಡಿಯದೇ ಹೊರತು ದೊರೆಯ ಖಾಯಂ ಸೈನ್ಯದ್ದಲ್ಲ. ಆ ಸೈನ್ಯದಲ್ಲಿ ಹುದ್ದೆ ಬೇಕೆಂದು ಅವನು ಹಲವು ಬಗೆಯಲ್ಲಿ ಯತ್ನಿಸಿಯೂ ಅದು ದಕ್ಕಿರಲಿಲ್ಲ.

ಹಳೆಯ ಸಮವಸ್ತ್ರವನ್ನು ಮತ್ತೆ ತೊಟ್ಟುದನ್ನು ಬರಲಿದ್ದ ಸ್ವಾತಂತ್ರ್ಯಯುದ್ಧದ ಮುನ್ಸೂಚನೆಯೆಂದು ಓದುವುದು ಮುಂದಾದುದನ್ನು ಹಿಂದಕ್ಕೆ ಹೊರಿಸಿದಂತಾಗುತ್ತದೆ. ಫ್ರೆಂಚರೊಡನೆ ನಡೆದ ಯುದ್ಧಕ್ಕೆ ಸೇರಿದವರಿಗೆ ಪಶ್ಚಿಮದ ಎರಡು ಲಕ್ಷ ಎಕರೆ ಭೂಮಿಯನ್ನು ಹಂಚುವುದಾಗಿ ವರ್ಜೀನಿಯಾದ ಗವರ್ನರ್‌ನ ಹುದ್ದೆ ನಿರ್ವಹಿಸುತ್ತಿದ್ದ ಡಿನ್‌ವಿಡ್ಡಿ 1754ರಲ್ಲಿ ಘೋಷಿಸಿದ್ದ. ಆ ಮಾತನ್ನು ನಡೆಸಿಕೊಡಲು ಒತ್ತಾಯಿಸುತ್ತಿದ್ದ ಮಾಜಿ ಯೋಧರ ಮುಂದಾಳು ವಾಷಿಂಗ್ಟನ್ನೇ ಆಗಿದ್ದು, 1770ರಲ್ಲಿ ಓಹಾಯೊ ನದಿಯಲ್ಲಿ ಪಯಣಿಸಿ ನೆಲವನ್ನು ನೋಡಿ ಬಂದಿದ್ದ. ಹೀಗಿರುವಾಗ ಕರ್ನಲ್‌ನ ಉಡುಪು ಗತವೈಭವದ ನೆನಪಷ್ಟೇ ಅಲ್ಲದೆ, ಇನ್ನೂ ತೀರದ ಹಕ್ಕೊಂದರ ಸಾಕ್ಷಿಯೂ ಆಗಿತ್ತೆಂದು ತಿಳಿಯುವುದು ಹೆಚ್ಚು ಯುಕ್ತ. ಆ ನೆಲದಲ್ಲಿ ಮೊದಲಿನಿಂದ ಬಾಳುತ್ತಿದ್ದ ಮೂಲನಿವಾಸಿಗಳ ಹಕ್ಕಾಗಲಿ, ಮೌಂಟ್ ವರ್ನನ್ನಿನ ಸಿರಿಯನ್ನು ದುಡಿದು ಕಟ್ಟಿದ ಗುಲಾಮರ ಬದುಕಾಗಲಿ ಈ ಚಿತ್ರದಲ್ಲಿ ಕಾಣಿಸದಿರುವುದನ್ನೂ ಇತಿಹಾಸದ ಓದುಗ ಗಮನಿಸಲೇಬೇಕು.

ಮುಂದೆ ಪೀಲ್ ಸ್ವತಃ ಸ್ವಾತಂತ್ರ್ಯಯುದ್ಧದ ಪ್ರಿನ್ಸ್‌ಟನ್ ಕಾಳಗದಲ್ಲಿ ಭಾಗವಹಿಸಿ, 1779ರಲ್ಲಿ ಅದೇ ವಾಷಿಂಗ್ಟನ್‌ನನ್ನು ಗೆದ್ದ ಸೇನಾಧಿಪತಿಯಾಗಿ, ಕಾಲಬಳಿ ಸೋತವರ ಬಾವುಟಗಳನ್ನಿಟ್ಟು ಬರೆದ. 1772ರ ಚಿತ್ರವು ಮೌಂಟ್ ವರ್ನನ್ನಿನಲ್ಲಿಯೇ ಉಳಿದು, ಕುಟುಂಬದ ವಾರಸುದಾರರ ಮೂಲಕ ಲೀ ಮನೆತನಕ್ಕೆ ಸೇರಿ, ಕೊನೆಗೆ ವರ್ಜೀನಿಯಾದ ಲೆಕ್ಸಿಂಗ್ಟನ್ನಿನ ವಾಷಿಂಗ್ಟನ್ ಮತ್ತು ಲೀ ವಿಶ್ವವಿದ್ಯಾಲಯಕ್ಕೆ ಕೊಡುಗೆಯಾಗಿ ಬಂತು.