ಸೆಲ್ಫ್ ತಗೋತಿದೆ, ಸ್ಟಾರ್ಟ್ ಆಗ್ತಿಲ್ಲ

ಚೆನ್ನೈನ ಕ್ರೋಂಪೇಟೆಗೆ ಹೆಸರು ಬಂದದ್ದು ಚರ್ಮ ಹದಮಾಡುವ ಕ್ರೋಂ ಲೆದರ್ ಕಾರ್ಖಾನೆಯಿಂದ, ಕಾರಿನ ಬಂಪರಿನ ಮಿನುಗಿನಿಂದಲ್ಲ. ಆದರೆ ಅದೇ ಜಿಎಸ್‌ಟಿ ರಸ್ತೆಯಲ್ಲಿ ದಕ್ಷಿಣಕ್ಕೆ ಹೋಗಿ ತಾಂಬರಂ ದಾಟಿದರೆ, ವಂಡಲೂರಿನ ಕಡೆ, ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಆಫ್ ಇಂಡಿಯಾದ ಕಾರ್ಖಾನೆಯಿತ್ತು. 1961ರಿಂದ ಸುಮಾರು ಹತ್ತು ವರ್ಷ ಅಲ್ಲಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಹೊರಬಂತು. ಅದರ ನಾಲ್ಕು ಬಾಗಿಲಿನ ಮಾದರಿ ಹುಟ್ಟೂರಾದ ಇಂಗ್ಲೆಂಡಿನಲ್ಲೂ ಇರಲಿಲ್ಲ. 1980ರ ದಶಕ ಮುಗಿಯುವ ಹೊತ್ತಿಗೆ ಕಂಪನಿಯೇ ಕಾರು ಮಾಡುವುದನ್ನು ನಿಲ್ಲಿಸಿತ್ತು. ಉಳಿದ ಹೆರಾಲ್ಡ್‌ಗಳು ಈಗ ಗ್ಯಾರೇಜಿನವರ ನೆನಪಿನ ಬಲದ ಮೇಲೆ ಓಡುತ್ತವೆ.

ಆ ನೆನಪಿಗೆ ಹೆಚ್ಚು ಕೆಲಸ ಕೊಡುವ ದೂರು ಒಂದೇ: ಸೆಲ್ಫ್ ತಗೋತಿದೆ, ಸ್ಟಾರ್ಟ್ ಆಗ್ತಿಲ್ಲ. ಈ 'ಸೆಲ್ಫ್' ಸೆಲ್ಫ್‌ಸ್ಟಾರ್ಟರಿನ ತುಂಡು. ಬಾಲ ಉದುರಿ ತಲೆಯಷ್ಟೇ ನಮ್ಮ ಮಾತಿಗೆ ಬಂದಿದೆ. ದೂರಿನ ಎರಡು ಅರ್ಧಗಳು ಎರಡು ಬೇರೆ ಯಂತ್ರಗಳ ಬಗ್ಗೆ ಇವೆ. ವಿಚಿತ್ರವೆಂದರೆ ಎರಡರ ಹಿಂದೆಯೂ ಇರುವವನು ಒಬ್ಬನೇ, ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ಬ್ಯಾಟರಿ ಇಗ್ನಿಷನ್ 1910ರ ಕ್ಯಾಡಿಲಾಕ್‌ಗೆ ಬಂತು, ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಮಾದರಿಗೆ. ಒಂದು ಎಂಜಿನ್ನನ್ನು ತಿರುಗಿಸುತ್ತದೆ, ಇನ್ನೊಂದು ಕಿಡಿ ಕೊಡುತ್ತದೆ. ತಿರುಗಿದ ಮಾತ್ರಕ್ಕೆ ಎಂಜಿನ್ ಹತ್ತಿಕೊಳ್ಳಬೇಕೆಂದಿಲ್ಲ.

ಹೆರಾಲ್ಡ್ ಇದನ್ನು ಪತ್ತೆಹಚ್ಚಲು ಹೇಳಿ ಮಾಡಿಸಿದ ಕಾರು. ಬಾನೆಟ್ಟು, ಮಡ್‌ಗಾರ್ಡು ಎಲ್ಲ ಒಟ್ಟಿಗೆ ಮುಂದಕ್ಕೆ ಮಗುಚುತ್ತವೆ. ಮೆಕ್ಯಾನಿಕ್ ಮುಂದಿನ ಟೈರಿನ ಮೇಲೆ ಕೂತೇ ಎಂಜಿನ್ ನೋಡಬಹುದು. ಕೆಲವು ಸೆಕೆಂಡು ಸೆಲ್ಫ್ ಹೊಡೆದು ಪ್ಲಗ್ ಬಿಚ್ಚಿದರೆ ಅದೇ ಸಾಕ್ಷಿ ಹೇಳುತ್ತದೆ. ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಇಂಧನ ಬಂದಿದೆ, ಅನುಮಾನ ಕಿಡಿಯ ಮೇಲೆ. ಒಣಗಿದ್ದರೆ ಪೆಟ್ರೋಲೇ ತಲುಪಿಲ್ಲ.

ಒದ್ದೆ ಪ್ಲಗ್ಗಿನ ಕಥೆ ಹೆಚ್ಚಾಗಿ ಡಿಸ್ಟ್ರಿಬ್ಯೂಟರ್ ಒಳಗೆ ಮುಗಿಯುತ್ತದೆ. ಪಾಯಿಂಟ್ಸ್ ಬಿಟ್ಟುಕೊಂಡ ಕ್ಷಣ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು ಸಾವಿರಾರು ವೋಲ್ಟ್ ಹುಟ್ಟುತ್ತದೆ. ಆ ಕುಸಿತ ಥಟ್ಟನೆ ಆಗುವಂತೆ ನೋಡಿಕೊಳ್ಳುವುದು ಬೆರಳುದ್ದದ ಕಂಡೆನ್ಸರ್. ಅದು ಕೆಟ್ಟರೆ ನೀಲಿ ಕಿಡಿ ಬಡಕಲು ಹಳದಿಯಾಗುತ್ತದೆ, ಪಾಯಿಂಟ್ಸ್ ಸುಡುತ್ತವೆ. ಮಳೆಗಾಲದ ಚೆನ್ನೈಯಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ತೇವವೊಂದೇ ಸಾಕು; ಒಣ ಬಟ್ಟೆಯಲ್ಲಿ ಒರೆಸಿದರೆ ಗಾಡಿ ಎದ್ದು ನಿಲ್ಲುತ್ತದೆ. ಬ್ಯಾಟರಿಯನ್ನು ಪೂರ್ತಿ ನಿರ್ದೋಷಿ ಅನ್ನಲೂ ಆಗದು. ಸೊರಗಿದ ಬ್ಯಾಟರಿಯ ಬಲವನ್ನೆಲ್ಲ ಸೆಲ್ಫ್ ನುಂಗಿದರೆ ಕಿಡಿಗೆ ಉಳಿಯುವುದು ಎಂಜಲು.

ಒಣ ಪ್ಲಗ್ಗಿಗೆ ಈಗ ಹೊಸ ಕಾರಣ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿತು. ಹೆರಾಲ್ಡ್‌ನ ಪಂಪಿನೊಳಗೆ ಪೆಟ್ರೋಲ್ ಎಳೆಯುವುದು ಒಂದು ತೆಳು ಡಯಾಫ್ರಮ್. ಹಳೆಯ ರಬ್ಬರು ಎಥನಾಲಿಗೆ ಉಬ್ಬುತ್ತದೆ, ಸಡಿಲವಾಗುತ್ತದೆ, ಕೊನೆಗೆ ಬಿರಿಯುತ್ತದೆ. ಅಭ್ಯಾಸಬಲದಿಂದ ಕಂಡೆನ್ಸರ್ ಬದಲಿಸುತ್ತ ಕೂತರೆ ಕಾರು ಶೆಡ್ಡಿನಲ್ಲೇ ಉಳಿಯುತ್ತದೆ, ಅಲ್ಲಿಂದ ಗುಜರಿಗೆ ದೂರವೇನಿಲ್ಲ. ಎಥನಾಲ್ ತಡೆಯುವ ರಬ್ಬರಿನ ಡಯಾಫ್ರಮ್ ಹಾಕಿ, ಪೆಟ್ರೋಲ್ ಪೈಪುಗಳನ್ನೂ ಅದೇ ಜಾತಿಗೆ ಬದಲಿಸಿದರೆ ಪಂಪು ಮತ್ತೆ ಎಳೆಯತೊಡಗುತ್ತದೆ.