ಶಿವನಾರಾಯಣ್ ಚಂದ್ರಪಾಲ್: ಕುಸಿಯುತ್ತಿದ್ದ ವಿಂಡೀಸ್‌ಗೆ ಆಸರೆಯಾಗಿ ನಿಂತ ಬ್ಯಾಟು

ವೆಸ್ಟ್ ಇಂಡೀಸ್ ಕ್ರಿಕೆಟ್ ಎಂದೊಡನೆ ನೆನಪಾಗುವುದು ಗ್ಯಾರಿ ಸೋಬರ್ಸ್ ಅವರ ಸೊಗಸು, ವಿವಿಯನ್ ರಿಚರ್ಡ್ಸ್ ಅವರ ದರ್ಪ, ಬ್ರಯಾನ್ ಲಾರಾ ಅವರ ಕಣ್ಣು ಕೋರೈಸುವ ಹೊಡೆತಗಳು. ಈ ಪಂಕ್ತಿಯಲ್ಲಿ ಎಡಗೈ ಬ್ಯಾಟ್ಸ್‌ಮನ್ ಶಿವನಾರಾಯಣ್ ಚಂದ್ರಪಾಲ್ ಅವರ ಹೆಸರು ಸ್ವಲ್ಪ ತಡವಾಗಿಯೇ ಕೇಳಿಬರುತ್ತದೆ. ಆದರೆ ವೆಸ್ಟ್ ಇಂಡೀಸ್ ಪರವಾಗಿ ಅವರಷ್ಟು ಟೆಸ್ಟ್ ಪಂದ್ಯಗಳನ್ನು ಆಡಿದವರು ಮತ್ತೊಬ್ಬರಿಲ್ಲ. 1994ರಿಂದ 2015ರವರೆಗೆ 164 ಟೆಸ್ಟ್‌ಗಳಲ್ಲಿ ಅವರು ಗಳಿಸಿದ ರನ್ 11,867, ಸರಾಸರಿ 51.37.

ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟು ನೋಡಬೇಕು. ಆ 164 ಪಂದ್ಯಗಳ ಪೈಕಿ 77ರಲ್ಲಿ ಅವರ ತಂಡ ಸೋಲನುಭವಿಸಿತು. ಗೆಲ್ಲುವ ತಂಡದಲ್ಲಿ ರನ್ ಗಳಿಸುವುದು ಒಂದು ಬಗೆ. ಎದುರು ತುದಿಯಲ್ಲಿ ಒಂದರ ಹಿಂದೊಂದು ವಿಕೆಟ್ ಉರುಳುತ್ತಿರುವಾಗ ಎರಡು ದಶಕ ಕಾಲ ನಿಂತು ಆಡುವುದು ಇನ್ನೊಂದು ಬಗೆ. ಚಂದ್ರಪಾಲ್ ಅವರ ಹಿರಿಮೆ ಇರುವುದು ಈ ಎರಡನೆಯದರಲ್ಲಿ.

ಯೂನಿಟಿ ಗ್ರಾಮದಿಂದ ಬೌರ್ಡಾ ಮೈದಾನಕ್ಕೆ

ದಕ್ಷಿಣ ಅಮೆರಿಕದ ಉತ್ತರ ಕರಾವಳಿಯಲ್ಲಿರುವ ಗಯಾನಾ ದೇಶದ ಯೂನಿಟಿ ಗ್ರಾಮದಲ್ಲಿ 1974ರ ಆಗಸ್ಟ್ 16ರಂದು ಚಂದ್ರಪಾಲ್ ಜನಿಸಿದರು. ಗಯಾನಾದ ಮಾಜಿ ಅಧ್ಯಕ್ಷ ಭರತ್ ಜಗದೇವ್ ಹುಟ್ಟಿದ್ದೂ ಇದೇ ಗ್ರಾಮದಲ್ಲಿ. ಬ್ರಿಟಿಷರ ಕಬ್ಬಿನ ತೋಟಗಳಲ್ಲಿ ದುಡಿಯಲು 1838ರಿಂದ 1917ರವರೆಗೆ ಭಾರತದಿಂದ ಹಡಗುಗಳಲ್ಲಿ ಒಯ್ಯಲ್ಪಟ್ಟ ಕರಾರು ಕೂಲಿಗಳ ವಂಶಸ್ಥರು ಈ ಕರಾವಳಿಯ ಹಳ್ಳಿಗಳಲ್ಲಿ ಹೆಚ್ಚಾಗಿ ನೆಲೆಸಿದ್ದಾರೆ. ರೋಹನ್ ಕನ್ಹಾಯ್ ಮತ್ತು ಆಲ್ವಿನ್ ಕಾಳಿಚರಣ್ ಅವರನ್ನು ಕ್ರಿಕೆಟ್‌ಗೆ ನೀಡಿದ್ದು ಇದೇ ಸಮುದಾಯ. ಆ ಪರಂಪರೆಯಲ್ಲಿ ಬಂದು, ನೂರು ಟೆಸ್ಟ್ ಪಂದ್ಯಗಳನ್ನಾಡಿದ ಮೊದಲ ಭಾರತೀಯ ಮೂಲದ ವೆಸ್ಟ್ ಇಂಡೀಸ್ ಆಟಗಾರ ಎಂಬ ಕೀರ್ತಿಗೆ ಚಂದ್ರಪಾಲ್ ಪಾತ್ರರಾದರು. ಅವರಿಗೆ ಬ್ಯಾಟ್ ಹಿಡಿಯುವುದನ್ನು ಕಲಿಸಿದವರು ತಂದೆ ಖೇಮ್‌ರಾಜ್.

1994ರ ಮಾರ್ಚ್ 17ರಂದು ಜಾರ್ಜ್‌ಟೌನ್‌ನ ಬೌರ್ಡಾ ಮೈದಾನದಲ್ಲಿ, ತವರಿನ ಜನರ ಎದುರು, 19ರ ಹರೆಯದ ಚಂದ್ರಪಾಲ್ ಇಂಗ್ಲೆಂಡ್ ವಿರುದ್ಧ ಟೆಸ್ಟ್ ರಂಗ ಪ್ರವೇಶಿಸಿದರು. ಮೊದಲ ಇನಿಂಗ್ಸ್‌ನಲ್ಲೇ 62 ರನ್ ಗಳಿಸಿದರು. ತಿಂಗಳ ಬಳಿಕ ಆಂಟಿಗಾದ ಸೇಂಟ್ ಜಾನ್ಸ್‌ನಲ್ಲಿ ಲಾರಾ 375 ರನ್ ಗಳಿಸಿ ಸೋಬರ್ಸ್ ಅವರ ವಿಶ್ವದಾಖಲೆ ಮುರಿದಾಗ ಎದುರು ತುದಿಯಲ್ಲಿದ್ದವರು ಇದೇ ಯುವಕ. ಅಂದು ಅವರ ಗಳಿಕೆ ಅಜೇಯ 75. ಅದನ್ನು ನೆನಪಿಟ್ಟವರು ಕಡಿಮೆ. ಮುಂದಿನ ಎರಡು ದಶಕಗಳ ವೃತ್ತಿಜೀವನಕ್ಕೆ ಆ ದಿನವೇ ಮುನ್ನುಡಿಯಾಯಿತು ಎನ್ನಬಹುದು.

ಅವರು ತಂಡ ಸೇರಿದಾಗ ವೆಸ್ಟ್ ಇಂಡೀಸ್ 1980ರಿಂದ ಒಂದೂ ಟೆಸ್ಟ್ ಸರಣಿಯನ್ನು ಸೋತಿರಲಿಲ್ಲ. 1995ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾ ಆ ಕೋಟೆಯನ್ನು ಒಡೆಯಿತು. ಅನಂತರ ಆರಂಭವಾದ ಇಳಿಜಾರಿನ ಹಾದಿಯುದ್ದಕ್ಕೂ ಚಂದ್ರಪಾಲ್ ತಂಡದ ಜೊತೆಗಿದ್ದರು.

ಏಡಿಯಂತಹ ನಿಲುವು

ಚಂದ್ರಪಾಲ್ ಅವರ ಬ್ಯಾಟಿಂಗ್ ಶೈಲಿಯನ್ನು ಯಾವ ತರಬೇತುದಾರನೂ ಮಕ್ಕಳಿಗೆ ಹೇಳಿಕೊಡಲಾರ. ಬ್ಯಾಟ್ಸ್‌ಮನ್ ಬೌಲರ್‌ಗೆ ಭುಜವನ್ನು ತೋರಿ ಓರೆಯಾಗಿ ನಿಲ್ಲಬೇಕೆಂಬುದು ಪಠ್ಯದ ನಿಯಮ. ಅವರಾದರೋ ಎದೆಯನ್ನೇ ಬೌಲರ್‌ನತ್ತ ತಿರುಗಿಸಿ, ಎರಡೂ ಕಣ್ಣುಗಳಿಂದ ಚೆಂಡನ್ನು ನೋಡುತ್ತ ನಿಲ್ಲುತ್ತಿದ್ದರು. ಚೆಂಡು ಕೈಬಿಡುವ ಹೊತ್ತಿಗೆ ಪಕ್ಕಕ್ಕೆ ಸರಿದು ಆಡುವ ಸ್ಥಿತಿಗೆ ಬರುತ್ತಿದ್ದರು. ಈ ಕಾರಣಕ್ಕೆ ಅವರ ನಿಲುವನ್ನು ಏಡಿಯ ನಡಿಗೆಗೆ ಹೋಲಿಸುವುದು ವಾಡಿಕೆಯಾಯಿತು. ಕ್ರೀಸಿಗೆ ಬಂದೊಡನೆ ಸ್ಟಂಪ್ ಮೇಲಿನ ಬೇಲ್ ಒಂದನ್ನು ತೆಗೆದು, ನೆಲಕ್ಕಿಟ್ಟು, ಬ್ಯಾಟಿನ ಹಿಡಿಯಿಂದ ಕುಟ್ಟಿ ಗಾರ್ಡ್ ಗುರುತು ಮಾಡಿಕೊಳ್ಳುವುದು ಅವರ ಅಭ್ಯಾಸ. ಬಿಸಿಲಿನ ಪ್ರಖರತೆ ತಗ್ಗಿಸಲು ಕಣ್ಣಿನ ಕೆಳಗೆ ಅಂಟಿಸಿಕೊಳ್ಳುತ್ತಿದ್ದ ಕಪ್ಪು ಪಟ್ಟಿಗಳೂ ಅಷ್ಟೇ ಪ್ರಸಿದ್ಧ.

ನೋಡಲು ಚೆಂದವಲ್ಲದ ಈ ಶೈಲಿಯ ಪ್ರಯೋಜನ ಬೇರೆಯೇ ಇತ್ತು. ಚೆಂಡನ್ನು ಅವರು ಬಹಳ ತಡವಾಗಿ, ದೇಹಕ್ಕೆ ತೀರ ಹತ್ತಿರದಲ್ಲಿ ಆಡುತ್ತಿದ್ದರು. ಲೆಗ್ ಬದಿಗೆ ಮೃದುವಾಗಿ ತಿರುಗಿಸಿ ಒಂಟಿ ರನ್ ಕದಿಯುತ್ತಿದ್ದರು. ಆಫ್ ಸ್ಟಂಪಿನಾಚೆಯ ಚೆಂಡುಗಳನ್ನು ಗಂಟೆಗಟ್ಟಲೆ ಬಿಟ್ಟುಕೊಡುವ ತಾಳ್ಮೆ ಅವರಲ್ಲಿತ್ತು. 280 ಟೆಸ್ಟ್ ಇನಿಂಗ್ಸ್‌ಗಳ ಪೈಕಿ 49ರಲ್ಲಿ ಅವರು ಅಜೇಯರಾಗಿ ಉಳಿದದ್ದಕ್ಕೆ ಇದೇ ಕಾರಣ.

ಭಾರತವನ್ನು ಕಾಡಿದ ವಿಕೆಟ್

ಚಂದ್ರಪಾಲ್ ಅವರ ಪರಿಚಯ ಭಾರತದ ಬೌಲರ್‌ಗಳಿಗೆ ಆದಷ್ಟು ಮತ್ತಾರಿಗೂ ಆಗಿರಲಿಕ್ಕಿಲ್ಲ. ಅವರ ಮೊದಲ ಟೆಸ್ಟ್ ಶತಕ, ಅಜೇಯ 137, ಬಂದದ್ದು 1997ರ ಮಾರ್ಚ್‌ನಲ್ಲಿ ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ, ಭಾರತದ ವಿರುದ್ಧ. 120 ರನ್‌ಗಳ ಅಲ್ಪ ಗುರಿ ಬೆನ್ನಟ್ಟಿದ ಭಾರತ 81ಕ್ಕೆ ಆಲೌಟಾಗಿ 38 ರನ್‌ಗಳಿಂದ ಸೋತ ಆ ಪಂದ್ಯವನ್ನು ಭಾರತದ ಅಭಿಮಾನಿಗಳು ಸುಲಭಕ್ಕೆ ಮರೆಯಲಾರರು. ಅಂತರ ಅಷ್ಟು ಕಡಿಮೆಯಿದ್ದ ಪಂದ್ಯದಲ್ಲಿ ಆ 137 ರನ್‌ಗಳ ಬೆಲೆ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

2002ರ ಸರಣಿಯಲ್ಲಿ ಅವರು ಭಾರತದ ಪಾಲಿಗೆ ಒಗಟೇ ಆದರು. ಐದು ಟೆಸ್ಟ್‌ಗಳಲ್ಲಿ 562 ರನ್, ಮೂರು ಶತಕ. ಪೋರ್ಟ್ ಆಫ್ ಸ್ಪೇನ್‌ನ ಮೊದಲ ಇನಿಂಗ್ಸ್‌ನಲ್ಲಿ ಒಂದೇ ರನ್ನಿಗೆ ಔಟಾದ ಬಳಿಕ ಅಜೇಯ 67, ಅಜೇಯ 101, ಅಜೇಯ 136 ಗಳಿಸಿದರು. ಕಿಂಗ್‌ಸ್ಟನ್‌ನಲ್ಲಿ 58 ರನ್ನಿಗೆ ಕೊನೆಗೂ ಅವರ ವಿಕೆಟ್ ಬೀಳುವಷ್ಟರಲ್ಲಿ 25 ಗಂಟೆಗೂ ಮಿಕ್ಕಿ, ಸಾವಿರಕ್ಕೂ ಹೆಚ್ಚು ಎಸೆತಗಳನ್ನು ಔಟಾಗದೆ ಎದುರಿಸಿದ್ದರು.

ಇವುಗಳಲ್ಲಿ ಅಜೇಯ 136 ರನ್ ಬಂದ ಸೇಂಟ್ ಜಾನ್ಸ್ ಪಂದ್ಯ ಕರ್ನಾಟಕದ ಕ್ರಿಕೆಟ್ ಪ್ರಿಯರಿಗೆ ಬೇರೆ ಕಾರಣಕ್ಕೆ ಚಿರಪರಿಚಿತ. ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲಿಂಗ್‌ಗೆ ಇಳಿದ ಅನಿಲ್ ಕುಂಬ್ಳೆ, ಲಾರಾ ವಿಕೆಟ್ ಪಡೆದದ್ದು ಅಲ್ಲಿಯೇ. ವಿಕೆಟ್‌ಕೀಪರ್ ಸೇರಿದಂತೆ ಭಾರತದ ಹನ್ನೊಂದು ಆಟಗಾರರೂ ಅಂದು ಚೆಂಡೆಸೆದರು. ರಾಹುಲ್ ದ್ರಾವಿಡ್ ಅವರಿಗೆ ಟೆಸ್ಟ್ ಜೀವನದ ಏಕೈಕ ವಿಕೆಟ್, ರಿಡ್ಲಿ ಜೇಕಬ್ಸ್ ಅವರದು, ದಕ್ಕಿದ್ದೂ ಅದೇ ಇನಿಂಗ್ಸ್‌ನಲ್ಲಿ. ಹನ್ನೊಂದು ಮಂದಿಯಲ್ಲಿ ಯಾರಿಂದಲೂ ಕದಲಿಸಲಾಗದೆ ಉಳಿದವರು ಚಂದ್ರಪಾಲ್. ಸರಣಿಯನ್ನು ವೆಸ್ಟ್ ಇಂಡೀಸ್ 2-1ರಿಂದ ಗೆದ್ದುಕೊಂಡಿತು.

ನಿಧಾನಗತಿಯ ಆಟಗಾರನ ಇನ್ನೊಂದು ಮುಖ

ಚಂದ್ರಪಾಲ್ ಅವರಿಗೆ ಬೀಸಿ ಹೊಡೆಯಲು ಬಾರದು ಎಂದುಕೊಂಡವರಿಗೆ 2003ರ ಏಪ್ರಿಲ್‌ನಲ್ಲಿ ಉತ್ತರ ದೊರೆಯಿತು. ಜಾರ್ಜ್‌ಟೌನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ತಂಡ 53 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದಾಗ ಅವರು ಕೇವಲ 69 ಎಸೆತಗಳಲ್ಲಿ ಶತಕ ಪೂರೈಸಿದರು. ಅದು ಆ ಕಾಲದ ಅತಿ ವೇಗದ ಟೆಸ್ಟ್ ಶತಕಗಳಲ್ಲೊಂದು. ಅದೇ ಸರಣಿಯ ಕೊನೆಯ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್ ನಾಲ್ಕನೇ ಇನಿಂಗ್ಸ್‌ನಲ್ಲಿ 7 ವಿಕೆಟ್‌ಗೆ 418 ರನ್ ಗಳಿಸಿ ಗೆದ್ದಿತು. ಟೆಸ್ಟ್ ಇತಿಹಾಸದಲ್ಲಿ ಇಂದಿಗೂ ಅದಕ್ಕಿಂತ ದೊಡ್ಡ ಗುರಿಯನ್ನು ಯಾವ ತಂಡವೂ ತಲುಪಿಲ್ಲ. ಆ ಮೊತ್ತದಲ್ಲಿ ರಾಮನರೇಶ್ ಸರವಣ್ 105, ಚಂದ್ರಪಾಲ್ 104.

ಏಕದಿನ ಪಂದ್ಯಗಳಲ್ಲಿಯೂ ಅವರ ಸಾಧನೆ ಕಡಿಮೆಯದ್ದಲ್ಲ. 1999ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 150 ರನ್ ಗಳಿಸಿದ್ದರು. 2008ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಶ್ರೀಲಂಕಾ ವಿರುದ್ಧ ಗೆಲ್ಲಲು ಕೊನೆಯ ಎರಡು ಎಸೆತಗಳಲ್ಲಿ 10 ರನ್ ಬೇಕಿತ್ತು. ಬೌಲರ್ ಅನುಭವಿ ಚಾಮಿಂಡ ವಾಸ್. ಚಂದ್ರಪಾಲ್ ಒಂದನ್ನು ಬೌಂಡರಿಗೆ, ಇನ್ನೊಂದನ್ನು ಸಿಕ್ಸರ್‌ಗೆ ಕಳಿಸಿ ಪಂದ್ಯ ಮುಗಿಸಿದರು. ಅದೇ ವರ್ಷ ನಡೆದ ಮೊದಲ ಐಪಿಎಲ್‌ನಲ್ಲಿ ಬೆಂಗಳೂರು ರಾಯಲ್ ಚಾಲೆಂಜರ್ಸ್ ತಂಡದಲ್ಲಿದ್ದರೂ ಅಲ್ಲಿ ಮಿಂಚಲಿಲ್ಲ.

ನಾಯಕತ್ವದ ಮುಳ್ಳಿನ ಕಿರೀಟ

2005ರಲ್ಲಿ ಪ್ರಾಯೋಜಕತ್ವ ಒಪ್ಪಂದದ ವಿವಾದದಿಂದ ಲಾರಾ ಸೇರಿದಂತೆ ಹಲವು ಪ್ರಮುಖರು ತಂಡದಿಂದ ಹೊರಗುಳಿದಾಗ ನಾಯಕತ್ವದ ಹೊಣೆ ಚಂದ್ರಪಾಲ್ ಹೆಗಲಿಗೇರಿತು. ಮೊದಲ ಪಂದ್ಯದಲ್ಲೇ, ತವರಿನ ಬೌರ್ಡಾದಲ್ಲಿ, ದಕ್ಷಿಣ ಆಫ್ರಿಕಾ ವಿರುದ್ಧ ಅಜೇಯ 203 ರನ್ ಗಳಿಸಿದರು. ಆದರೆ ಮಂಡಳಿ ಮತ್ತು ಆಟಗಾರರ ಜಗಳದ ನಡುವೆ ತಂಡ ಕಟ್ಟುವುದು ಬ್ಯಾಟಿಂಗ್‌ನಷ್ಟು ಅವರ ಕೈಯಲ್ಲಿರಲಿಲ್ಲ. 14 ಟೆಸ್ಟ್‌ಗಳಲ್ಲಿ ದೊರೆತದ್ದು ಒಂದೇ ಗೆಲುವು, 10ರಲ್ಲಿ ಸೋಲು. ಬ್ರಿಜ್‌ಟೌನ್‌ನಲ್ಲಿ ಪಾಕಿಸ್ತಾನದ ವಿರುದ್ಧ ಬಂದ ಆ ಏಕೈಕ ಗೆಲುವಿನಲ್ಲಿಯೂ ನಾಯಕನದೇ ಅಜೇಯ 153 ರನ್ ಇತ್ತು. 2006ರ ಏಪ್ರಿಲ್‌ನಲ್ಲಿ ನಾಯಕತ್ವ ತ್ಯಜಿಸಿ ಬ್ಯಾಟಿಂಗ್‌ನತ್ತ ಗಮನ ಹರಿಸಿದರು.

ಅದರ ಫಲ ಬೇಗನೆ ಕಂಡಿತು. 2007ರ ಇಂಗ್ಲೆಂಡ್ ಪ್ರವಾಸದ ಮೂರು ಟೆಸ್ಟ್‌ಗಳಲ್ಲಿ 446 ರನ್, 2008ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಮೂರು ಟೆಸ್ಟ್‌ಗಳಲ್ಲಿ 442 ರನ್. ಆಸ್ಟ್ರೇಲಿಯಾ ವಿರುದ್ಧದ ಸರಣಿಯ ಕಿಂಗ್‌ಸ್ಟನ್ ಪಂದ್ಯದಲ್ಲಿ ಬ್ರೆಟ್ ಲೀ ಎಸೆದ ಬೌನ್ಸರ್ ತಲೆಗೆ ಬಡಿದು ಅವರು ಪಿಚ್ ಮೇಲೆ ಅಂಗಾತ ಬಿದ್ದರು. ಆಗ ಅವರ ಮೊತ್ತ 86. ಎದ್ದು, ಸುಧಾರಿಸಿಕೊಂಡು, 118 ರನ್ ಗಳಿಸಿದರು. ಆ ವರ್ಷ ವಿಸ್ಡನ್‌ನ ಶ್ರೇಷ್ಠ ಐವರಲ್ಲಿ ಒಬ್ಬರಾಗಿ ಆಯ್ಕೆಯಾದರಲ್ಲದೆ, ಐಸಿಸಿಯ ವರ್ಷದ ಕ್ರಿಕೆಟಿಗ ಪ್ರಶಸ್ತಿಯನ್ನು ಪಡೆದ ಮೊದಲ ವೆಸ್ಟ್ ಇಂಡೀಸ್ ಆಟಗಾರರೂ ಆದರು.

86 ರನ್ ದೂರದಲ್ಲಿ ಮುಗಿದ ಪಯಣ

ವಯಸ್ಸು ಏರಿದಂತೆ ಅವರ ಬ್ಯಾಟು ಸೊರಗಲಿಲ್ಲ. 2011ರ ಜುಲೈನಲ್ಲಿ ಡೊಮಿನಿಕಾದ ರೋಸೋದಲ್ಲಿ ಭಾರತದ ವಿರುದ್ಧ ಅಜೇಯ 116 ರನ್ ಗಳಿಸಿ ಟೆಸ್ಟ್ ಡ್ರಾ ಮಾಡಿಕೊಳ್ಳಲು ನೆರವಾದರು. ಕೋರ್ಟ್ನಿ ವಾಲ್ಷ್ ಅವರ 132 ಟೆಸ್ಟ್‌ಗಳ ದಾಖಲೆಯನ್ನು ದಾಟಿದ್ದೂ ಅದೇ ಪಂದ್ಯದಲ್ಲಿ. 2012ರ ಏಪ್ರಿಲ್‌ನಲ್ಲಿ ಅದೇ ಮೈದಾನದಲ್ಲಿ ಆಸ್ಟ್ರೇಲಿಯಾ ವಿರುದ್ಧ ಹತ್ತು ಸಾವಿರ ಟೆಸ್ಟ್ ರನ್ ಪೂರೈಸಿದರು. ವೆಸ್ಟ್ ಇಂಡೀಸ್ ಆಟಗಾರರಲ್ಲಿ ಅವರಿಗಿಂತ ಮೊದಲು ಈ ಗಡಿ ಮುಟ್ಟಿದವರು ಲಾರಾ ಮಾತ್ರ. 2013ರ ನವೆಂಬರ್‌ನಲ್ಲಿ ಮುಂಬೈಯ ವಾಂಖೆಡೆಯಲ್ಲಿ ಅವರು 150ನೇ ಟೆಸ್ಟ್ ಆಡಿದರು. ಆದರೆ ಅದು ಸಚಿನ್ ತೆಂಡೂಲ್ಕರ್ ಅವರ 200ನೇ ಹಾಗೂ ವಿದಾಯದ ಟೆಸ್ಟ್. ಕ್ಯಾಮೆರಾಗಳು ಎತ್ತ ತಿರುಗಿದ್ದವು ಎಂದು ಹೇಳಬೇಕಾಗಿಲ್ಲ.

ಅಂತಹ ವಿದಾಯ ಚಂದ್ರಪಾಲ್ ಅವರಿಗೆ ಒದಗಲಿಲ್ಲ. 2015ರಲ್ಲಿ ಇಂಗ್ಲೆಂಡ್ ವಿರುದ್ಧದ ತವರಿನ ಸರಣಿಯ ಆರು ಇನಿಂಗ್ಸ್‌ಗಳಲ್ಲಿ ಅವರು ಗಳಿಸಿದ್ದು 92 ರನ್ ಮಾತ್ರ. ಮುಂದಿನ ಆಸ್ಟ್ರೇಲಿಯಾ ಸರಣಿಗೆ ಆಯ್ಕೆಗಾರರು ಅವರನ್ನು ಪರಿಗಣಿಸಲಿಲ್ಲ. ಎರಡು ಟೆಸ್ಟ್ ಆಡಿ ನಿವೃತ್ತನಾಗಲು ಅವಕಾಶ ಕೊಡಿ ಎಂಬ ಅವರ ಕೋರಿಕೆ ಈಡೇರಲಿಲ್ಲ. ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದವರು ಗಯಾನಾದವರೇ ಆದ ಕ್ಲೈವ್ ಲಾಯ್ಡ್. ಭಾವನೆಗಳಿಗೆ ಕಟ್ಟುಬಿದ್ದು ತಂಡ ಆರಿಸಬಾರದು, ಕಿರಿಯರಿಗೆ ದಾರಿ ಬಿಡಬೇಕು ಎಂಬುದು ಒಂದು ವಾದ. 21 ವರ್ಷ ದುಡಿದವನಿಗೆ ಎರಡು ಪಂದ್ಯಗಳ ಗೌರವವೂ ಸಲ್ಲದೆ ಎಂಬುದು ಇನ್ನೊಂದು. ವೆಸ್ಟ್ ಇಂಡೀಸ್ ಆಟಗಾರರ ಪೈಕಿ ಅತಿ ಹೆಚ್ಚು ಟೆಸ್ಟ್ ರನ್ ಗಳಿಸಿದ ಲಾರಾ ಅವರ 11,953ನ್ನು ಮುಟ್ಟಲು ಆಗ ಬೇಕಿದ್ದದ್ದು 86 ರನ್. 2016ರ ಜನವರಿಯಲ್ಲಿ ಚಂದ್ರಪಾಲ್ ಅಂತಾರಾಷ್ಟ್ರೀಯ ಕ್ರಿಕೆಟ್‌ನಿಂದ ನಿವೃತ್ತರಾದರು. ಅವರ ಕೊನೆಯ ಟೆಸ್ಟ್ ನಡೆದದ್ದು ಮೊದಲ ಶತಕ ಬಂದಿದ್ದ ಬ್ರಿಜ್‌ಟೌನ್‌ನಲ್ಲಿ. ಆ ಪಂದ್ಯವನ್ನು ವೆಸ್ಟ್ ಇಂಡೀಸ್ ಗೆದ್ದಿತ್ತು ಎಂಬುದಷ್ಟೇ ಸಮಾಧಾನ.

ಮಗನ ಕೈಯಲ್ಲಿ ಬ್ಯಾಟು

2022ರ ನವೆಂಬರ್‌ನಲ್ಲಿ ಐಸಿಸಿ ಅವರ ಹೆಸರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಅದೇ ತಿಂಗಳು ಅವರ ಪುತ್ರ, ಎಡಗೈ ಆರಂಭಿಕ ಬ್ಯಾಟ್ಸ್‌ಮನ್ ತೇಜ್‌ನಾರಾಯಣ್ ಚಂದ್ರಪಾಲ್, ಪರ್ತ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದರು. ಅದಕ್ಕೂ ಮುನ್ನ ಗಯಾನಾ ತಂಡದಲ್ಲಿ ತಂದೆ-ಮಗ ಒಟ್ಟಿಗೆ ಆಡಿದ್ದುಂಟು. 2023ರ ಫೆಬ್ರುವರಿಯಲ್ಲಿ ಬುಲವಾಯೊದಲ್ಲಿ ಜಿಂಬಾಬ್ವೆ ವಿರುದ್ಧ ತೇಜ್‌ನಾರಾಯಣ್ ಅಜೇಯ 207 ರನ್ ಗಳಿಸಿದರು. ತಂದೆ ಎರಡು ಬಾರಿ ದ್ವಿಶತಕ ಬಾರಿಸಿದ್ದರೂ ಎರಡೂ ಸಲ ಅಜೇಯ 203ರಲ್ಲೇ ನಿಂತಿದ್ದರು. ತಂದೆ-ಮಗ ಇಬ್ಬರೂ ಟೆಸ್ಟ್ ದ್ವಿಶತಕ ಗಳಿಸಿದ್ದು ಪಾಕಿಸ್ತಾನದ ಹನೀಫ್ ಮತ್ತು ಶೋಯೆಬ್ ಮೊಹಮ್ಮದ್ ಬಳಿಕ ಇದು ಎರಡನೇ ಬಾರಿ.

ಲಾರಾ ಅವರ ದಾಖಲೆಯನ್ನು ಮುಟ್ಟಲಾಗದ ತಂದೆಯ ದಾಖಲೆಯನ್ನು ಮಗ ನಾಲ್ಕು ರನ್‌ಗಳಿಂದ ದಾಟಿದ. ಔಟಾಗದೆ ಉಳಿಯುವ ಮನೆಯ ರೂಢಿಯನ್ನು ಮಾತ್ರ ಬಿಡಲಿಲ್ಲ.

ಅಂಕಿಅಂಶ

ಟೆಸ್ಟ್: ಪಂದ್ಯ 164, ಇನಿಂಗ್ಸ್ 280, ಅಜೇಯ 49, ರನ್ 11,867, ಗರಿಷ್ಠ ಅಜೇಯ 203, ಸರಾಸರಿ 51.37, ಶತಕ 30, ಅರ್ಧಶತಕ 66.

ಏಕದಿನ: ಪಂದ್ಯ 268, ರನ್ 8,778, ಗರಿಷ್ಠ 150, ಸರಾಸರಿ 41.60, ಶತಕ 11, ಅರ್ಧಶತಕ 59.